ಎಡಗಡೆಯ ಸಿಲ್: ಮಾರಾಟಕ್ಕಿದ್ದ ಒಂದು 1972ರ ಎಂಜಿಬಿಯ ಪ್ರಕರಣ

1972ರ ಎಂಜಿಬಿ ರೋಡ್‌ಸ್ಟರ್. ಬ್ರಿಟಿಷ್ ರೇಸಿಂಗ್ ಗ್ರೀನ್ ಬಣ್ಣ, ತಂತಿ ಚಕ್ರ, ಕ್ರೋಮ್ ಬಂಪರ್, ಓವರ್‌ಡ್ರೈವ್ (ಹೆಚ್ಚುವರಿ ಮೇಲಿನ ಗೇರು), ಹೊಸ ಬಟ್ಟೆ ಹುಡ್. 2016ರಲ್ಲಿ ಚಾಸಿಯಿಂದ ಬಾಡಿ ಬೇರ್ಪಡಿಸಿ ಪೂರ್ತಿ ರೆಸ್ಟೋರ್ ಮಾಡಲಾಗಿದೆ. ಫೋಟೋ ಫೈಲ್ ಇದೆ. ಬೆಲೆ 21,950 ಪೌಂಡ್.

ಇಂಗ್ಲೆಂಡಿನ ವೂಸ್ಟರ್‌ಶೈರ್ ಕಡೆಯ, ಹಳೇ ಕಾರುಗಳನ್ನೇ ಮಾರುವ ಡೀಲರ್ ಒಬ್ಬರ ಜಾಹೀರಾತಿನ ಸಾರ ಇಷ್ಟು. ಎಂಜಿಬಿ ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು. ಅದನ್ನು ನನಗೆ ಕಳಿಸಿದವನು ಕವೆಂಟ್ರಿಯಲ್ಲಿ ಎಂಜಿನಿಯರ್ ಆಗಿರುವ ದಾವಣಗೆರೆಯ ಗೆಳೆಯ. ಜೊತೆಗೆ ಒಂದೇ ಸಾಲು: “ಲೇ, ಇದೊಂದು ನೋಡು. ಹೆಂಗೈತಿ?”

ಫೋಟೋದಲ್ಲಂತೂ ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ನಾನು ಮಾತ್ರ ‘ಚಾಸಿಯಿಂದ ಬಾಡಿ ಬೇರ್ಪಡಿಸಿ’ ಎಂಬಲ್ಲೇ ನಿಂತೆ. ಎಂಜಿಬಿಗೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು, ಅನ್ನುವುದೇ ಇಲ್ಲ. ಇಲ್ಲದ್ದರಿಂದ ಬೇರ್ಪಡಿಸುವುದು ಏನನ್ನು?

ಇದು ಪದ ಹಿಡಿದು ಜಗ್ಗುವ ಚಾಳಿ ಅನ್ನಿಸಬಹುದು. ಆದರೆ ಇಡೀ ಪ್ರಕರಣ ನಿಂತಿರುವುದು ಇದೇ ಸಂಗತಿಯ ಮೇಲೆ. ನಮ್ಮೂರಲ್ಲಿ ಎಂಜಿ ಅಂದರೆ ಈಗ ಹೆಕ್ಟರ್, ಕಾಮೆಟ್, ವಿಂಡ್ಸರ್. ಹೆಸರಿನ ಒಡೆತನ ಚೀನಾದ ಎಸ್‌ಎಐಸಿ ಕಂಪನಿಯದು. ಹಳೇ ಎಂಜಿ ಹುಟ್ಟಿದ್ದು ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್‌ನಲ್ಲಿ, ಬೆಳೆದದ್ದು ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ. 1955ರಲ್ಲಿ ಬಂದ ಎಂಜಿಎಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇತ್ತು. 1962ರಲ್ಲಿ ಅದರ ಜಾಗಕ್ಕೆ ಬಂದ ಎಂಜಿಬಿಯಲ್ಲಿ ಅದನ್ನು ಕೈಬಿಟ್ಟರು. ತಗಡುಗಳನ್ನೇ ಒಂದಕ್ಕೊಂದು ಬೆಸೆದು ಬಾಡಿಯನ್ನೇ ಚಾಸಿ ಮಾಡಿದರು. ಕಾರಿನ ಒಳಗೆ ಜಾಗ ಹೆಚ್ಚಿತು, 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ದೊಡ್ಡ ಪಾಲು ಹೋದದ್ದು ಅಮೆರಿಕಕ್ಕೆ.

ಛಾವಣಿ ಇರುವ ಕಾರಿನಲ್ಲಿ ಬಾಡಿಯ ಹೊರೆಯನ್ನು ಛಾವಣಿಯೂ ಹಂಚಿಕೊಳ್ಳುತ್ತದೆ. ಹುಡ್ ಮಡಚಿ ಓಡಿಸುವ ರೋಡ್‌ಸ್ಟರ್‌ಗೆ ಆ ಆಸರೆ ಇಲ್ಲ. ಮುಂದಿನ ಅರ್ಧ ಕಾರನ್ನೂ ಹಿಂದಿನ ಅರ್ಧ ಕಾರನ್ನೂ ಹಿಡಿದಿಟ್ಟಿರುವುದು ನಡುವಿನ ಗೇರ್‌ಬಾಕ್ಸ್ ಸುರಂಗ ಮತ್ತು ಎರಡು ಬದಿಯ ಸಿಲ್‌ಗಳು, ಅಷ್ಟೇ. ಸಿಲ್ ಅಂದರೆ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಉಕ್ಕಿನ ಡಬ್ಬ. ನಾವು ಕಾರು ಹತ್ತುವಾಗ ಕಾಣುವುದು ಹೊರಗಿನ ತಗಡು ಮಾತ್ರ. ಅದರ ಹಿಂದೆ ನೆಟ್ಟಗೆ ನಿಂತ ನಡುತಗಡು, ಅದರಾಚೆ ಒಳತಗಡು, ತಳದಲ್ಲಿ ಕ್ಯಾಸಲ್ ರೈಲ್ ಎಂಬ ಮಡಿಕೆಪಟ್ಟಿ. ನಾಲ್ಕೂ ಗಟ್ಟಿಯಿದ್ದರೆ ಕಾರು ಗಟ್ಟಿ. ಮುಂದಿನ ಚಕ್ರ ಎರಚುವ ಕೆಸರು ಹೋಗಿ ಕೂರುವುದೂ ಇದರ ಬಾಯಲ್ಲೇ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಸುರಿಯುವ ಉಪ್ಪು ಸೇರಿದರೆ ಕೇಳಬೇಕೇ? ತುಕ್ಕು ಒಳಗಿನಿಂದ ಹೊರಕ್ಕೆ ತಿಂದುಕೊಂಡು ಬರುತ್ತದೆ. ಹೊರತಗಡಿನಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ನಡುತಗಡು ಅರ್ಧ ಹೋಗಿರುತ್ತದೆ.

ಸರಿಯಾಗಿ ರಿಪೇರಿ ಮಾಡುವುದು ದೊಡ್ಡ ಕೆಲಸ. ಸಿಲ್‌ನ ಎರಡು ತುದಿಗಳು ಮುಂದಿನ ಮಡ್‌ಗಾರ್ಡಿನ ಅಡಿಗೂ ಹಿಂದಿನ ಮಡ್‌ಗಾರ್ಡಿನ ಅಡಿಗೂ ಹೋಗಿರುವುದರಿಂದ ಅವುಗಳ ಕೆಳಭಾಗ ಕೊಯ್ಯಬೇಕು. ಕೊಯ್ಯುವ ಮೊದಲು ಬಾಗಿಲ ತೆರಪಿಗೆ ಅಡ್ಡಡ್ಡ ಕಂಬಿ ಬೆಸೆದು ಬಿಗಿಮಾಡಬೇಕು. ಇಲ್ಲದಿದ್ದರೆ ಸಿಲ್ ತೆಗೆದ ಕೂಡಲೇ ಕಾರು ನಡುವೆ ಬಾಗುತ್ತದೆ, ಬಾಗಿದಂತೆಯೇ ಹೊಸ ಸಿಲ್ ಕೂತರೆ ಆಮೇಲೆ ಬಾಗಿಲು ಎಂದೂ ಸರಿಯಾಗಿ ಬೀಳುವುದಿಲ್ಲ. ಸುಲಭದ ದಾರಿ ಬೇರೆ ಇದೆ. ಹಳೇ ಸಿಲ್ ಮುಟ್ಟದೆ, ಮೇಲೊಂದು ಹೊಸ ತಗಡಿನ ಹೊದಿಕೆ ಅಂಟಿಸಿ ಸಂದಿಗೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು. ಇದು ಒಂದು ವಾರಾಂತ್ಯದ ಕೆಲಸ. ನೋಡುವ ಕಣ್ಣಿಗೆ ಎರಡೂ ಒಂದೇ.

ಅದಕ್ಕೇ ಆ ಜಾಹೀರಾತಿನ ಮಾತು ನನಗೆ ಕಸಿವಿಸಿ ತಂದದ್ದು. ಇಂಥ ಕಾರನ್ನು ನಿಜಕ್ಕೂ ಬಿಚ್ಚಿದವರು ‘ಸಿಲ್ ಎರಡೂ ಹೊಸದು’ ಅಂತ ಮೊದಲ ಸಾಲಲ್ಲೇ ಹೇಳಿಕೊಳ್ಳುತ್ತಾರೆ, ಚಾಸಿ ಸುದ್ದಿ ಎತ್ತುವುದಿಲ್ಲ. ಬೇರೆ ಯಾವುದೋ ಕಾರಿನ ಜಾಹೀರಾತಿನಿಂದ ಸಾಲು ನಕಲಾಗಿತ್ತು, ಅನುಮಾನವೇ ಇಲ್ಲ.

ಮನೆಯಲ್ಲೇ ಕೂತು ನೋಡಿದ್ದು

ಬ್ರಿಟನ್ನಿನಲ್ಲಿ ಹಳೇ ಕಾರು ಕೊಳ್ಳುವವರಿಗೆ ಒಂದು ಅನುಕೂಲ ಇದೆ. ವರ್ಷಕ್ಕೊಮ್ಮೆ ನಡೆಯುವ ಎಂಒಟಿ ತಪಾಸಣೆಯ ಫಲಿತಾಂಶಗಳು ಸರ್ಕಾರದ ಜಾಲತಾಣದಲ್ಲಿವೆ. ನಂಬರ್ ಪ್ಲೇಟಿನ ನಂಬರ್ ಹಾಕಿದರೆ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎಷ್ಟು ಮೈಲಿ ಓಡಿತ್ತು, ಏನು ಕೆಟ್ಟಿತ್ತು, ಪಾಸಾದರೂ ಯಾವುದರ ಮೇಲೆ ಕಣ್ಣಿಡಿ ಅಂದಿದ್ದರು ಎಲ್ಲ ಇರುತ್ತದೆ. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ವಾಹನಗಳಿಗೆ 2018ರಿಂದ ಈ ತಪಾಸಣೆ ಕಡ್ಡಾಯವಲ್ಲ. ಹಾಗಾಗಿ ಎಷ್ಟೋ ಹಳೇ ಕಾರುಗಳ ಚರಿತ್ರೆ ಅಲ್ಲಿಗೇ ನಿಂತುಬಿಡುತ್ತದೆ. ಈ ಕಾರಿನ ಆಗಿನ ಮಾಲೀಕರು ಜವಾಬ್ದಾರಿಯವರು ಅನ್ನಿಸುತ್ತದೆ, 2019ರಲ್ಲೂ ತಾವಾಗಿಯೇ ಮಾಡಿಸಿದ್ದರು. ಪಾಸಾಗಿತ್ತು. ಕೆಳಗೆ ಸೂಚನೆಯ ಸಾಲೊಂದು: ಎಡ ಒಳಸಿಲ್‌ನ ಹಿಂತುದಿಯಲ್ಲಿ ತುಕ್ಕು, ಸದ್ಯಕ್ಕೆ ಬಲ ಕುಂದಿಲ್ಲ.

2016ರಲ್ಲಿ ‘ಪೂರ್ತಿ ರೆಸ್ಟೋರ್’ ಆದ ಕಾರಿಗೆ 2019ರಲ್ಲಿ ಒಳಸಿಲ್ ತುಕ್ಕು! ಮೂರೇ ವರ್ಷದಲ್ಲಿ, ಅದೂ ಶೆಡ್ಡಿನಲ್ಲಿ ಮಲಗಿ ವರ್ಷಕ್ಕೆ ಕೆಲವು ನೂರು ಮೈಲಿ ಓಡುವ ಕಾರಿಗೆ, ಹೊಸ ತಗಡಾಗಿದ್ದರೆ ಹಾಗಾಗುವುದಿಲ್ಲ.

ಇನ್ನೊಂದು ಸುಳಿವು ಚಾಸಿ ನಂಬರಿನಲ್ಲಿತ್ತು. (ಚಾಸಿಯೇ ಇಲ್ಲದ ಕಾರಿಗೂ ಚಾಸಿ ನಂಬರ್ ಅಂತಲೇ ಕರೆಯುತ್ತಾರೆ, ಇರಲಿ.) ಡೀಲರ್ ಕಳಿಸಿದ ಫೋಟೋದಲ್ಲಿ ಅದು ಶುರುವಾಗುತ್ತಿದ್ದುದು ಜಿಎಚ್‌ಎನ್5ಯುಸಿ ಎಂದು. ಜಿ ಅಂದರೆ ಎಂಜಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಅಂದರೆ ಎರಡು ಸೀಟಿನ ತೆರೆದ ಕಾರು, 5 ಆ ಮಾದರಿಯ ಸರಣಿ. ಯು ಅಂದರೆ ಅಮೆರಿಕಕ್ಕೆಂದು ಮಾಡಿದ್ದು, ಸಿ 1972ರ ಮಾದರಿ ವರ್ಷ. ಜಾಹೀರಾತಿನಲ್ಲಿದ್ದದ್ದು ಬಲಗಡೆ ಸ್ಟೀರಿಂಗಿನ ಕಾರು. ಅಂದರೆ ಎಡಗಡೆ ಸ್ಟೀರಿಂಗಿನೊಂದಿಗೆ ಅಟ್ಲಾಂಟಿಕ್ ದಾಟಿ ಹೋಗಿ, ಬದುಕಿನ ಬಹುಪಾಲು ಅಲ್ಲೇ ಕಳೆದು, ವಾಪಸು ಬಂದಮೇಲೆ ಬಲಕ್ಕೆ ಬದಲಾದದ್ದು. ಫೋನ್ ಮಾಡಿ ಕೇಳಿದಾಗ ಡೀಲರ್ ಮುಚ್ಚಿಡಲಿಲ್ಲ: “ಹೌದು, ಕ್ಯಾಲಿಫೋರ್ನಿಯಾ ಕಾರು, ಅದಕ್ಕೇ ತುಕ್ಕಿಲ್ಲ” ಅಂದರು. ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಅಮೆರಿಕದಿಂದ ವಾಪಸು ಬಂದ ಪ್ರತಿಯೊಂದು ಎಂಜಿಬಿಯೂ ಕ್ಯಾಲಿಫೋರ್ನಿಯಾದ್ದೇ ಆಗಿರುತ್ತದೆ! ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುವ ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಕಡೆಯೂ ಇವು ಸಾವಿರಗಟ್ಟಲೆ ಓಡಾಡಿವೆ. ಫೈಲಿನಲ್ಲಿದ್ದ ಹೆರಿಟೇಜ್ ಸರ್ಟಿಫಿಕೇಟ್‌ನಲ್ಲಿ, ಅಂದರೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಕಾರ್ಖಾನೆಯ ದಾಖಲೆ ನೋಡಿ ಕೊಡುವ ಪತ್ರದಲ್ಲಿ, ಉತ್ತರ ಅಮೆರಿಕಕ್ಕೆ ರಫ್ತು ಎಂದಷ್ಟೇ ಇತ್ತು. ಮೊದಲ ಬಣ್ಣ ಹಸಿರೂ ಅಲ್ಲ, ಹಾರ್ವೆಸ್ಟ್ ಗೋಲ್ಡ್, ಅಂದರೆ ಸಾಸಿವೆ ಹಳದಿ.

ಬಣ್ಣ ಬದಲಾದದ್ದಕ್ಕಾಗಲಿ ಸ್ಟೀರಿಂಗ್ ಬದಲಾದದ್ದಕ್ಕಾಗಲಿ ನನ್ನ ತಕರಾರಿಲ್ಲ. ಕಾರ್ಖಾನೆ ಬಿಟ್ಟಂತೆಯೇ ಇರಬೇಕೆನ್ನುವ ಮಡಿವಂತರಿಗೆ ಇದು ಮೈಲಿಗೆ. ನನಗೆ ಹಾಗಿಲ್ಲ. ಇಷ್ಟೆಲ್ಲ ಬದಲಾದ ಮೇಲೂ ಇದು ಅದೇ ಕಾರೇ ಎಂಬ ಪ್ರಶ್ನೆ ಕೋಟಿಗಟ್ಟಲೆ ಬೆಲೆಯ ಕಾರೊಂದಕ್ಕೆ ಬಂದು 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಮೆಟ್ಟಿಲೇರಿತ್ತು. 1929 ಮತ್ತು 1930ರ ಲೆ ಮಾನ್ಸ್ ಓಟ ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಅದು. ಒಂದು ಕೋಟಿ ಪೌಂಡಿಗೆ ಮಾತಾಗಿತ್ತು. ಆಮೇಲೆ ಕೊಳ್ಳುವವರು, ಓಟ ಗೆದ್ದ ಕಾರಿನದು ಇದರಲ್ಲಿ ಏನೂ ಉಳಿದಿಲ್ಲ, ಇದು ಅದಲ್ಲ ಎಂದು ಹಿಂದೆ ಸರಿದರು. ನ್ಯಾಯಮೂರ್ತಿ ಆಟನ್ ಸಾಕ್ಷ್ಯವೆಲ್ಲ ನೋಡಿ, 1929ರ ಭಾಗಗಳು ಹೆಚ್ಚೂಕಡಿಮೆ ಇಲ್ಲ, ಇದನ್ನು ‘ಮೂಲ’ ಅನ್ನಲಾಗದು ಎಂದು ಒಪ್ಪಿದರು. ಆದರೂ ಆ ಕಾರಿನ ಚರಿತ್ರೆ ಎಲ್ಲೂ ಕಡಿದಿಲ್ಲ, ಓಡುತ್ತಾ ಓಡುತ್ತಾ ಭಾಗಗಳು ಬದಲಾಗಿವೆ, ಆ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರಿಲ್ಲ, ಆದ್ದರಿಂದ ಇದು ನಿಜವಾಗಿಯೂ ಅದೇ ಕಾರು ಎಂದು ತೀರ್ಪಿತ್ತರು. ಕೊಳ್ಳುವವರು ಮಾತಿಗೆ ಬದ್ಧರಾಗಬೇಕಾಯಿತು.

ಅಲ್ಲಿ ಬದಲಾವಣೆಗಳ ಹಿಂದೆ ದಾಖಲೆ ಇತ್ತು, ಸಾಕ್ಷಿಗಳಿದ್ದರು. ಭಾಗ ಬದಲಾಗುವುದರಿಂದ ಹಳೇ ಕಾರಿನ ಬೆಲೆ ಬೀಳುವುದಿಲ್ಲ. ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಬಣ್ಣದ ಅಡಿ ಸೇರಿ ಯಾರಿಗೂ ಗೊತ್ತಿಲ್ಲದಂತಾದಾಗ ಬೀಳುತ್ತದೆ.

ಶೋರೂಮಿನಲ್ಲಿ

ನೋಡಲು ಹೋದಾಗ ಗೆಳೆಯನ ಅಪ್ಪಾಜಿಯೂ ಜೊತೆಗಿದ್ದರು. ಬೇಸಿಗೆಗೆ ಮಗನ ಮನೆಗೆ ಬಂದವರು. ದಾವಣಗೆರೆಯಲ್ಲಿ ಬಹಳ ವರ್ಷ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದವರು, ಸಣ್ಣಪುಟ್ಟ ರಿಪೇರಿಗೆ ಯಾರ ಹತ್ತಿರವೂ ಹೋದವರಲ್ಲ. ಡೀಲರ್ ಬಾನೆಟ್ ಎತ್ತಿದ್ದೇ ತಡ, ಬಗ್ಗಿ ನೋಡಿ ನಕ್ಕರು.

“ಇದು ನಮ್ ಅಂಬಾಸಿಡರ್ ಇಂಜಿನ್ ಅಲ್ಲೇನೋ!”

ತಪ್ಪಿಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್‌ನ ಬಿ-ಸೀರೀಸ್ ಎಂಬ ಎಂಜಿನ್ ಕುಟುಂಬದ 1489 ಸಿಸಿಯ ಕೂಸು ನಮ್ಮ ಅಂಬಾಸಿಡರ್‌ನಲ್ಲಿ ದಶಕಗಟ್ಟಲೆ ಓಡಿತು. ಎಂಜಿಎ ಶುರುವಾದದ್ದೂ ಅದೇ ಗಾತ್ರದಿಂದ. ಎಂಜಿಬಿಯದು ಅದೇ ಮನೆತನದ 1798 ಸಿಸಿ, ಎರಡು ಎಸ್‌ಯು ಕಾರ್ಬ್ಯುರೇಟರ್ ಹೊತ್ತದ್ದು. ರಾಕರ್ ಕವರಿನ, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದ, ಆಕಾರ ಕಂಡರೆ ಅಂಬಾಸಿಡರ್ ಬಿಚ್ಚಿದವರಿಗೆ ನೆಂಟರ ಮುಖ ಕಂಡಂತೆ.

ಸ್ಟಾರ್ಟ್ ಮಾಡಿಸಿದರು. ಬಿಸಿಯಾಗುವವರೆಗೆ ಪಕ್ಕದಲ್ಲೇ ನಿಂತರು. ಹೊಗೆಗೊಳವೆಯ ಬಾಯಿಗೆ ಅಂಗೈ ಹಿಡಿದು, ಆಮೇಲೆ ಅಂಗೈ ಮೂಸಿದರು. ಎಣ್ಣೆ ವಾಸನೆ ಇಲ್ಲ. ಆಯಿಲ್ ಪ್ರೆಶರ್ ಮುಳ್ಳು ಬಿಸಿ ಎಂಜಿನ್‌ನಲ್ಲಿ, ಐಡಲ್‌ನಲ್ಲಿ ಇಪ್ಪತ್ತರ ಮೇಲೇ ಇತ್ತು. ಎಕ್ಸಲರೇಟರ್ ಒತ್ತಿದರೆ ಅರವತ್ತು ದಾಟುತ್ತಿತ್ತು. ನಾನು, “ಟ್ಯಾಪೆಟ್ ಸದ್ದು ಸ್ವಲ್ಪ ಜಾಸ್ತಿ ಅಲ್ವಾ ಅಂಕಲ್?” ಅಂದೆ.

“ಮಾತಾಡ್ಲಿ ಬಿಡ್ರಿ. ಮಾತಾಡೋ ಟ್ಯಾಪೆಟ್ ಒಳ್ಳೇದು. ಸುಮ್ನಿದ್ರೆ ಟೈಟ್ ಐತಿ ಅಂತ ಅರ್ಥ, ವಾಲ್ವ್ ಸುಟ್ಟು ಹೋಕ್ಕಾವು.” ಮಗನ ಕಡೆ ತಿರುಗಿ, “ಇಂಜಿನ್ ಬಂಗಾರ ಐತಿ. ತಗೊಂಡ್ಬಿಡು” ಅಂದರು.

ಅಂಬಾಸಿಡರ್ ಟ್ಯಾಕ್ಸಿಗೆ ಆ ಲೆಕ್ಕ ನೂರಕ್ಕೆ ನೂರು ಸರಿ. ಅಲ್ಲಿ ಬಾಡಿ ಟಿಂಕರಿಂಗ್ ಮಾಡುವವರು ಬೀದಿಗೊಬ್ಬರಿದ್ದರು, ಕೂಲಿ ಕಡಿಮೆ, ಎಂಜಿನ್ ಬೋರ್ ಮಾಡಿಸುವುದೇ ದೊಡ್ಡ ಖರ್ಚು. ಇಂಗ್ಲೆಂಡಿನಲ್ಲಿ ಎಂಜಿಬಿಗೆ ಲೆಕ್ಕ ತಲೆಕೆಳಗು. ಎಂಜಿನ್ನಿನ ಹೆಚ್ಚಿನ ಭಾಗಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ, ಗೊತ್ತಿದ್ದವರು ಮನೆಯ ಗ್ಯಾರೇಜಿನಲ್ಲೇ ಜೋಡಿಸುತ್ತಾರೆ. ತಗಡು ಕೊಯ್ದು ಬೆಸೆಯುವ ಕೈಗೆ ಗಂಟೆಯ ಲೆಕ್ಕದಲ್ಲಿ ಕೂಲಿ, ಗಂಟೆಗಳು ಎಷ್ಟಾಗುತ್ತವೆಂದು ಮೊದಲೇ ಯಾರೂ ಹೇಳಲಾರರು. ಮಾರುವವರೂ ಇದನ್ನು ಬಲ್ಲರು. ಅದಕ್ಕೇ ಯಾವ ಡೀಲರಾದರೂ ಮೊದಲು ಎತ್ತುವುದು ಬಾನೆಟ್.

ನಾವು ಬಾಗಿಲ ಕಡೆ ಹೋದೆವು. ಬಲಗಡೆ, ಮುಂದಿನ ಮಡ್‌ಗಾರ್ಡಿನ ಕೆಳತುದಿ ಸಿಲ್‌ಗೆ ಸೇರುವಲ್ಲಿ ಕಾರ್ಖಾನೆಯ ಕಾರಿಗಿರುವಂತೆ ಸಣ್ಣ ಗೆರೆ ಸ್ಪಷ್ಟವಾಗಿತ್ತು. ಸಿಲ್‌ನ ತಳದಲ್ಲಿ ನೀರು ಇಳಿಯುವ ಸೀಳುಗಳು ತೆರೆದಿದ್ದವು, ಒಳಗೆ ಬೆರಳಾಡಿಸಿದರೆ ತುಕ್ಕು ತಡೆಯುವ ವ್ಯಾಕ್ಸ್ ಅಂಟಿತು. ಎಡಗಡೆ ಗೆರೆಯೇ ಇರಲಿಲ್ಲ. ಮಡ್‌ಗಾರ್ಡೂ ಸಿಲ್ಲೂ ಒಂದೇ ತಗಡೇನೋ ಅನ್ನುವಷ್ಟು ನುಣುಪು. ತಳದಲ್ಲಿ ಟಾರಿನಂಥ ಕಪ್ಪು ಲೇಪ ದಪ್ಪಗೆ ಮೆತ್ತಿತ್ತು, ಸೀಳುಗಳು ಅದರಡಿ ಮಾಯ. ಸಾಮಾನ್ಯರ ಕಣ್ಣಿಗೆ ಎಡಗಡೆಯೇ ಹೆಚ್ಚು ಚೆಂದ. ಇಂಥ ಕಾರಿನಲ್ಲಿ ಗೆರೆ ಇರಬೇಕಾದಲ್ಲಿ ಇಲ್ಲದ ನುಣುಪು ಕಂಡರೆ ಹೆದರಬೇಕು.

ಬಣ್ಣದ ದಪ್ಪ ಅಳೆಯುವ ಮೀಟರ್ ಒಯ್ದಿದ್ದೆ. ಬಾನೆಟ್, ಬಾಗಿಲುಗಳ ಮೇಲೆ 200ರಿಂದ 300 ಮೈಕ್ರಾನ್. ಮತ್ತೆ ಬಣ್ಣ ಹೊಡೆಸಿದ ಕಾರಿಗೆ ಸಹಜ. ಎಡ ಸಿಲ್‌ನ ನಡುಭಾಗದಲ್ಲಿ 240. ಗೆಳೆಯನ ಮುಖ ಅರಳಿತು. ಆದರೆ ಹೊದಿಕೆ ತಗಡೂ ಹೊಸ ತಗಡೇ ತಾನೇ. ಮೀಟರ್‌ಗೆ ಅದರ ಹಿಂದೇನಿದೆ ಎಂದು ಗೊತ್ತಾಗುವುದಿಲ್ಲ, ಅಯಸ್ಕಾಂತಕ್ಕೂ ಅಷ್ಟೇ. ಅಳೆಯಬೇಕಾದದ್ದು ತುದಿಗಳಲ್ಲಿ. ಬಾಗಿಲ ಹಿಂದೆ ಮಡ್‌ಗಾರ್ಡ್ ಕೆಳಗಿಳಿದು ಸಿಲ್‌ಗೆ ಸೇರುವ ಮೊಣಕಾಲಿನಂಥ ಜಾಗಕ್ಕೆ ಇಲ್ಲಿ ಡಾಗ್‌ಲೆಗ್ ಅನ್ನುತ್ತಾರೆ. ಅಲ್ಲಿಟ್ಟಾಗ 1,900. ಸುಮಾರು ಎರಡು ಮಿಲಿಮೀಟರ್ ಪುಟ್ಟಿ.

ಜಾಕ್ ಪರೀಕ್ಷೆಗೆ ಡೀಲರ್ ಒಪ್ಪಿದರು, ಅದನ್ನು ಮೆಚ್ಚಬೇಕು. ಬಲಗಡೆ ಸಿಲ್ ನಡುವಿನ ಜಾಕ್ ತಾಣಕ್ಕೆ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ ಬಾಗಿಲು ತೆಗೆದು ಹಾಕಿದರೆ ಮೊದಲಿನಂತೆಯೇ ಬಿತ್ತು. ಎಡಗಡೆ ಎತ್ತುವಾಗ ಬಾಗಿಲ ಹಿಂದಿನ ಅಂಚಿನ ಸಂದು ನಮ್ಮ ಕಣ್ಣೆದುರೇ ಮೇಲ್ತುದಿಯಲ್ಲಿ ಅಗಲವಾಗುತ್ತಾ ಬಂತು. 5 ಮಿಲಿಮೀಟರ್ ಇದ್ದದ್ದು 8ಕ್ಕೇರಿತು. ಬಾಗಿಲು ಹಾಕಲು ಹೋದರೆ ಚಿಲಕ ಸರಿಯಾಗಿ ಕೂರದೆ ನಿಂತಿತು. ಎರಡು ತುದಿಯ ಭಾರಕ್ಕೆ ಕಾರು ನಡುವೆ ಬಾಗುತ್ತಿತ್ತು, ತಡೆಯಬೇಕಾದ ಡಬ್ಬದಲ್ಲಿ ಬಲ ಇರಲಿಲ್ಲ.

ಅಪ್ಪಾಜಿ ಏನೂ ಮಾತಾಡಲಿಲ್ಲ. ಬಗ್ಗಿ ಆ ಸಂದಿಗೆ ಕಿರುಬೆರಳ ಉಗುರು ತೂರಿಸಿ ನೋಡಿದರು.

ಓಡಿಸಿಯೂ ನೋಡಿದೆವು. ಆ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಚೆನ್ನಾಗಿತ್ತು. ಓವರ್‌ಡ್ರೈವ್ ಮೂರನೇ ಗೇರಿನಲ್ಲೂ ನಾಲ್ಕನೆಯದರಲ್ಲೂ ತಡವಿಲ್ಲದೆ ಹಿಡಿಯಿತು, ಬ್ರೇಕ್ ನೇರ. ತಂತಿ ಚಕ್ರದ ಹಲ್ಲು ಸವೆದಿದ್ದರೆ ಹಿಂದೆಮುಂದೆ ಮಾಡುವಾಗ ಟಕ್ ಅನ್ನುತ್ತದೆ, ಅದೂ ಇರಲಿಲ್ಲ. ಹುಡ್ ಇಳಿಸಿ ಹಳ್ಳಿದಾರಿಯಲ್ಲಿ ಹೋಗುವಾಗ ಗೆಳೆಯ ಆಗಲೇ ಮನಸ್ಸಿನಲ್ಲಿ ಕೊಂಡುಬಿಟ್ಟಿದ್ದ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಡೀಲರಿಗೂ ಕಂಡಿರಬೇಕು.

ಫೋಟೋ ಫೈಲ್

ದಪ್ಪನೆಯ ಫೈಲು, ನೂರರ ಹತ್ತಿರ ಫೋಟೋ. ಮೊದಲ ನೋಟಕ್ಕೆ ಬಾಯಿ ಮುಚ್ಚಿಸುವಂಥದ್ದು. ಗ್ಯಾರೇಜಿನ ನೆಲದ ಮೇಲೆ ಹರವಿದ ಎಂಜಿನ್ ಭಾಗಗಳು, ಹೊಸ ಚರ್ಮದ ಸೀಟು, ಬಣ್ಣದ ಬೂತಿನಲ್ಲಿ ನಿಂತ ಬೋಳು ಬಾಡಿ. ಒಂದೊಂದನ್ನೇ ಮೇಜಿನ ಮೇಲೆ ಎಡ, ಬಲ ಅಂತ ಎರಡು ಸಾಲು ಮಾಡಿ ಇಟ್ಟೆವು. ಬಲಗಡೆಯ ಕತೆ ಪೂರ್ತಿ ಇತ್ತು: ಬಾಗಿಲ ತೆರಪಿಗೆ ಬೆಸೆದ ಅಡ್ಡಕಂಬಿ, ಕೊಯ್ದು ತೆಗೆದ ಹಳೇ ಸಿಲ್, ಹೊಸ ನಡುತಗಡು, ಪ್ರೈಮರ್. ಅಮೆರಿಕದ ನಿಯಮಕ್ಕೆಂದು ಮಡ್‌ಗಾರ್ಡುಗಳ ಬದಿಗಿದ್ದ ದೀಪದ ತೂತು ಮುಚ್ಚಿದ್ದು, ಗಾಜಿನ ಕೆಳಗಿನ ಮೂರನೇ ವೈಪರಿನ ತೂತು ಬೆಸೆದದ್ದು ಕೂಡ ಇದ್ದವು. ಎಡಗಡೆ ಸಿಲ್‌ನದು ಒಂದೂ ಇಲ್ಲ. ಎಡಬದಿ ಕಾಣುವ ಎಲ್ಲ ಫೋಟೋಗಳಲ್ಲೂ ಬಾಗಿಲು ಮುಚ್ಚಿದೆ.

ಬಲಗಡೆಯನ್ನು ಇಷ್ಟು ಶ್ರದ್ಧೆಯಿಂದ ಮಾಡಿದವರು ಎಡಗಡೆಯನ್ನೂ ಹಾಗೇ ಮಾಡಿದ್ದರೆ ಫೋಟೋ ತೆಗೆಯದೆ ಬಿಡುತ್ತಿದ್ದರೇ? ದುಡ್ಡು ಮುಗಿದಿರಬಹುದು, ಉತ್ಸಾಹ ಮುಗಿದಿರಬಹುದು. ಮನೆಯಲ್ಲಿ ಮಾಡುವ ರೆಸ್ಟೋರೇಶನ್‌ಗಳು ಎರಡನೇ ಬದಿಗೆ ಬರುವ ಹೊತ್ತಿಗೆ ಸುಸ್ತಾಗುವುದು ಹೊಸದಲ್ಲ.

ಫೋನಿಗೆ ಜೋಡಿಸುವ ಸಣ್ಣ ಕೊಳವೆ ಕ್ಯಾಮರಾ ಗೆಳೆಯನ ಹತ್ತಿರವೇ ಇತ್ತು. ಕಾರ್ಪೆಟ್ ಎತ್ತಿ, ಎಡ ಒಳಸಿಲ್‌ನಲ್ಲಿದ್ದ ರಬ್ಬರ್ ಬಿರಡೆ ಕಿತ್ತು ಒಳಗೆ ತೂರಿಸಿದೆವು. ಪರದೆಯ ತುಂಬ ಹಳದಿ. ಕ್ಯಾಮರಾ ಮುಂದೆ ಹೋಗದು. ಕಿಟಕಿ ಚೌಕಟ್ಟಿನ ಸಂದಿಗೆ ಡಬ್ಬಿಯಿಂದ ಹೊಡೆಯುತ್ತಾರಲ್ಲ, ಉಬ್ಬಿ ಗಟ್ಟಿಯಾಗುವ ಫೋಮ್, ಅದು. ಸಿಲ್‌ನೊಳಗೆ ಅದನ್ನು ತುಂಬಿದರೆ ತಟ್ಟಿ ನೋಡಿದಾಗ ಟೊಳ್ಳು ಸದ್ದು ಬರುವುದಿಲ್ಲ, ಅಷ್ಟೇ ಲಾಭ. ನೀರು ಹಿಡಿದಿಟ್ಟುಕೊಂಡು ತುಕ್ಕಿಗೆ ಅನ್ನ ಹಾಕುತ್ತದೆ. ಮುಂದೊಂದು ದಿನ ಬೆಸೆಯಲು ಹೋದವರಿಗೆ ವಿಷದ ಹೊಗೆ, ಜೊತೆಗೆ ಬೆಂಕಿಯ ಭಯ.

ಮಾತುಕತೆ

ಡೀಲರ್ ವಾದ ಮಾಡಲಿಲ್ಲ. ತಾನು ಹರಾಜಿನಲ್ಲಿ ಕೊಂಡದ್ದು, ತನಗೂ ಗೊತ್ತಿರಲಿಲ್ಲ ಅಂದರು. ನಂಬಬಹುದು. ನಂಬಿದರೂ ಪ್ರಶ್ನೆ ಉಳಿಯುತ್ತದೆ: ಗೊತ್ತಿಲ್ಲದ ಮೇಲೆ ‘ಪೂರ್ತಿ ರೆಸ್ಟೋರ್’ ಎಂದು ಬರೆದದ್ದು ಯಾವ ಧೈರ್ಯದ ಮೇಲೆ?

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ ವ್ಯಾಪಾರಿ ಮಾರಿದ ವಸ್ತು ಅವರು ಕೊಟ್ಟ ವಿವರಣೆಗೆ ಹೊಂದಬೇಕು. ಹೊಂದದಿದ್ದರೆ ಮೂವತ್ತು ದಿನದೊಳಗೆ ವಾಪಸು ಕೊಟ್ಟು ಹಣ ಕೇಳಬಹುದು. ಹಳೇ ಕಾರಿಗೂ ಅನ್ವಯಿಸುತ್ತದೆ, ‘ಇದ್ದ ಹಾಗೆಯೇ ಮಾರಾಟ’ ಎಂದು ರಸೀದಿಯಲ್ಲಿ ಬರೆದರೂ ಆ ಹಕ್ಕು ಹೋಗುವುದಿಲ್ಲ. ವ್ಯಾಪಾರಿಯಲ್ಲದ ಖಾಸಗಿ ಮಾಲೀಕರಿಂದ ನೇರ ಕೊಂಡರೆ ಈ ರಕ್ಷಣೆ ಇಷ್ಟಿಲ್ಲ. ನಾವಿನ್ನೂ ಕೊಂಡಿರಲಿಲ್ಲವಾದ್ದರಿಂದ ವಾಪಸು ಕೊಡುವ ಮಾತೇ ಬರಲಿಲ್ಲ. ಆದರೆ ಆ ಹಳದಿ ಫೋಮಿನ ವಿಡಿಯೋ ಡೀಲರಿನ ಫೋನಿಗೂ ಹೋಗಿತ್ತು. ನಾಳೆ ಬರುವ ಗಿರಾಕಿಗೆ ‘ಗೊತ್ತಿರಲಿಲ್ಲ’ ಅನ್ನುವ ಬಾಗಿಲು ಅವರಿಗೆ ಮುಚ್ಚಿತು. ಚೌಕಾಸಿಯಲ್ಲಿ ನಮ್ಮ ಕೈ ಮೇಲಾದದ್ದು ಅಲ್ಲಿಂದ. ಬೆದರಿಕೆ ಹಾಕಲಿಲ್ಲ, ಬೇಕಾಗಲೂ ಇಲ್ಲ.

ಬಿಟ್ಟು ಬೇರೆ ನೋಡೋಣ ಎಂದು ನಾನು ಹೇಳಿದ್ದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೇ ಅಚ್ಚುಗಳಲ್ಲೇ ಎಂಜಿಬಿಯ ಹೊಸ ಬಾಡಿ ಒತ್ತಿ ಮಾರುತ್ತಿದೆ. ಅಂಥ ಬಾಡಿ ಹಾಕಿದ ಕಾರಿನಲ್ಲಿ ಈ ಸಿಲ್ ತಲೆನೋವು ಇರುವುದಿಲ್ಲ. ಗೆಳೆಯನಿಗೆ ಆ ಯೋಚನೆ ಹಿಡಿಸಲಿಲ್ಲ. ಐವತ್ತು ವರ್ಷದ ಕಾರು ಬೇಕು, ಹೊಸ ಡಬ್ಬ ಬೇಡ ಅನ್ನುವುದು ಅವನ ಹಟ. ಎಂಜಿಬಿಗಳ ಕೆಲಸವನ್ನೇ ಮಾಡುವ ವಾರಿಕ್‌ಶೈರಿನ ಕಾರ್ಯಾಗಾರವೊಂದರಲ್ಲಿ ವಿಡಿಯೋ ತೋರಿಸಿ ಅಂದಾಜು ಕೇಳಿದೆವು. ಎಡ ಸಿಲ್ ಪೂರ್ತಿ, ಕ್ಯಾಸಲ್ ರೈಲ್, ಡಾಗ್‌ಲೆಗ್, ಆ ಬದಿಯ ಬಣ್ಣ ಸೇರಿ 4,200 ಪೌಂಡ್. ತೆರೆದಮೇಲೆ ಹೆಚ್ಚಾಗಬಹುದು ಎಂದರು. ಗೆಳೆಯ 16,000 ಅಂದ, ಡೀಲರ್ 19,000 ಅಂದರು. ನಾಲ್ಕು ದಿನ ಫೋನು ತಣ್ಣಗಿತ್ತು. ಕೊನೆಗೆ 17,000ಕ್ಕೆ ಕುದುರಿತು. ಎಡ ಸಿಲ್ ಹೊದಿಕೆ ರಿಪೇರಿ ಎಂದು ರಸೀದಿಯಲ್ಲೇ ಬರೆಸಿಕೊಂಡೆವು. ಮುಂದೆ ಮಾರುವಾಗ ಇದು ಇವನ ಕೆಲಸ ಅನ್ನುವ ಹಾಗಾಗಬಾರದಲ್ಲ.

ಅಪ್ಪಾಜಿ ಮನಸ್ಸಿನಲ್ಲೇ ಪೌಂಡನ್ನು ರೂಪಾಯಿ ಮಾಡಿ ನೋಡಿದರು. “ಈ ರೊಕ್ಕಕ್ಕೆ ನಮ್ಮೂರಾಗೆ ಎಂಜಿ ಹೆಕ್ಟರ್ರೇ ಬರ್ತಿತ್ತಲ್ಲೋ, ಟಾಪ್ ಸಮೇತ!”

ತೆರೆದಾಗ

ಚಳಿಗಾಲಕ್ಕೆ ಕಾರ್ಯಾಗಾರಕ್ಕೆ ಬಿಟ್ಟ. ಹೊದಿಕೆ ಕೊಯ್ದಾಗ ಅದರ ಹಿಂದೆ 1972ರ ಹೊರತಗಡು ಹಾಗೇ ಇತ್ತು, ಇದ್ದಷ್ಟು ಇತ್ತು ಅನ್ನಬೇಕು. ಅದರ ತಳದಲ್ಲಿ ಸಾಸಿವೆ ಹಳದಿ ಬಣ್ಣದ ಚಕ್ಕೆಗಳು ಇನ್ನೂ ಅಂಟಿಕೊಂಡಿದ್ದವು. ನಡುತಗಡಿನ ಕೆಳಭಾಗ ಕೈಯಲ್ಲಿ ಪುಡಿಯಾಗುತ್ತಿತ್ತು. ಕ್ಯಾಸಲ್ ರೈಲ್ ಮಧ್ಯದಲ್ಲಿ ತುಂಡಾಗಿ, ಮೆತ್ತಿದ್ದ ಕಪ್ಪು ಲೇಪವೇ ಎರಡು ತುಂಡನ್ನು ಹಿಡಿದಿತ್ತು. ಫೋಮನ್ನು ಕೆರೆದು ತೆಗೆಯಲಿಕ್ಕೇ ಒಂದು ದಿನ ಹೋಯಿತಂತೆ. ನೆಲದ ತಗಡು ಮಾತ್ರ ಕಾರ್ಖಾನೆಯದೇ, ಗಟ್ಟಿ. ಕ್ಯಾಲಿಫೋರ್ನಿಯಾ ಅಲ್ಲದಿದ್ದರೂ ಎಲ್ಲೋ ಒಣ ಊರಲ್ಲಿ ಬಹುಕಾಲ ಇದ್ದ ಕಾರೇ ಇರಬೇಕು.

ಬಿಲ್ 5,300 ಆಯಿತು. ಕೊಂಡದ್ದೂ ಸೇರಿಸಿದರೆ 22,300, ಡೀಲರ್ ಮೊದಲು ಕೇಳಿದ್ದಕ್ಕಿಂತ ಜಾಸ್ತಿಯೇ. ದುಬಾರಿಯಾಯಿತೇ ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟು: ಜಾಹೀರಾತು ನಂಬಿ 21,950 ಕೊಟ್ಟಿದ್ದರೆ ಈ 5,300 ಅದರ ಮೇಲೆ ಬರುತ್ತಿತ್ತು, ಅದೂ ಯಾವುದೋ ದಿನ ಬಾಗಿಲು ಬೀಳದೆ ಹೋದಾಗ.

ಕಾರ್ಯಾಗಾರದವರು ಹಂತಹಂತಕ್ಕೂ ಫೋಟೋ ತೆಗೆದುಕೊಟ್ಟರು. ಅವು ಈಗ ಫೈಲಿನಲ್ಲಿ ಬಲಗಡೆಯವುಗಳ ಹಿಂದೆಯೇ ಇವೆ. ಹಳೇ ಕಾರುಗಳ ವಿಮೆಯಲ್ಲಿ ಮೊದಲೇ ಒಪ್ಪಿದ ಬೆಲೆಗೆ ಪಾಲಿಸಿ ಮಾಡಿಸುವ ಪದ್ಧತಿ ಇದೆ, ಅದಕ್ಕೆ ಕಾರಿನ ಸ್ಥಿತಿ ತೋರಿಸುವ ಫೋಟೋ ಕಳಿಸಬೇಕು. ಗೆಳೆಯ ಉಮೇದಿನಲ್ಲಿ ಸಿಲ್‌ನ ಫೋಟೋಗಳನ್ನೆಲ್ಲ ಕಳಿಸಿದ. ವಿಮೆಯವರಿಂದ ವಾಪಸು ಮೇಲ್ ಬಂತು: ಅವೆಲ್ಲ ಬೇಡ, ಹೊರಗಿನಿಂದ ನಾಲ್ಕು ಬದಿಯ ಫೋಟೋ ಸಾಕು.